ನೋವು ಮೊದಲೋ, ಆಮೇಲೋ?

ಮೂರನೆಯ ಶತಮಾನದ ಚೀನಾದಲ್ಲಿ ಜಿಯಾಂಗ್ ವೇಯ್ ಎಂಬ ಸೇನಾನಿಗೆ ತಾಯಿಯಿಂದ ಒಂದು ಕಾಗದ ಬಂತು. 228ರ ಯುದ್ಧದಲ್ಲಿ ಅವನು ತನ್ನ ವೇಯ್ ರಾಜ್ಯವನ್ನು ಬಿಟ್ಟು ಎದುರಾಳಿಯಾದ ಶು ರಾಜ್ಯವನ್ನು ಸೇರಿಕೊಂಡಿದ್ದ. ತಾಯಿ ಹಳೆಯ ಊರಿನಲ್ಲೇ ಉಳಿದಿದ್ದಳು. ಕಾಗದದಲ್ಲಿ ಆಕೆ ಮಗನಿಂದ ಕೇಳಿದ್ದು ಒಂದು ಬೇರನ್ನು. ಅದರ ಹೆಸರು ದಾಂಗ್‌ಗುಯ್. ಆ ಹೆಸರಿನ ಎರಡು ಅಕ್ಷರಗಳಿಗೆ ‘ಮರಳಿ ಬರಬೇಕು’ ಎಂಬ ಅರ್ಥವೂ ಇದೆ. ಮಗನಿಗೆ ತಿಳಿಯದಿದ್ದೀತೆ? ಅವನೂ ಬೇರುಗಳ ಭಾಷೆಯಲ್ಲೇ ಉತ್ತರ ಕಳಿಸಿದ. ‘ದೂರದ ಗುರಿ’ ಎಂಬ ಅರ್ಥ ಬರುವ ಇನ್ನೊಂದು ಬೇರೂ ಚೀನೀ ಗ್ರಂಧಿಗೆ ಅಂಗಡಿಯಲ್ಲಿದೆ. ತನಗೆ ಒದಗಿರುವುದು ಅದು, ಮರಳುವ ಬೇರಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ. ಊರು ಬಿಟ್ಟು ಬಂದವರೇ ಓದುವ ಈ ಪತ್ರಿಕೆಯಲ್ಲಿ ಆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಇಲ್ಲಿ ಬೇಕಿರುವುದು ಮಗನಿಗಿಂತ ಆ ಬೇರು. ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೇ ಸೇರಿದ, ಗನ್ಸು ಪ್ರಾಂತದ ತಂಪು ಬೆಟ್ಟಗಳಲ್ಲಿ ಬೆಳೆಯುವ, ಗಾಢ ವಾಸನೆಯ ಈ ದಾಂಗ್‌ಗುಯ್ ಚೀನೀ ವೈದ್ಯದಲ್ಲಿ ಹೆಂಗಸರ ಮುಟ್ಟಿನ ನೋವಿಗೆ ಕೊಡುವ ಮದ್ದುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು. ಹದಿನಾರನೆಯ ಶತಮಾನದ ಲಿ ಶಿಜೆನ್ ಈ ಬೇರಿನ ಹೆಸರನ್ನು ಮುಟ್ಟಿಗೇ ಜೋಡಿಸಿ ವಿವರಿಸಿದ: ಹೆಂಗಸಿನ ರಕ್ತವನ್ನು ಸರಿದಾರಿಗೆ ತರುವ ಮದ್ದು, ಗಂಡನ ಹಂಬಲವನ್ನು ಸೂಚಿಸುವ ಹೆಸರು. ಗಂಡಸರು ಕಟ್ಟಿದ ವೈದ್ಯದಲ್ಲಿ ಹೆಂಗಸಿನ ಮದ್ದಿನ ಹೆಸರಿಗೂ ಗಂಡನೇ ಕಾರಣವಾಗಬೇಕಾಯಿತು ನೋಡಿ. ಆದರೂ ಅದೇ ಗಂಡಸರು ಸಾವಿರಕ್ಕೂ ಹೆಚ್ಚು ವರ್ಷ ಈ ನೋವಿನ ಬಗ್ಗೆ ಬಿಡದೆ ಬರೆದರು. ನಮ್ಮಲ್ಲಿ ‘ಹೊರಗಾಗಿದ್ದಾಳೆ’, ‘ಕಾಗೆ ಮುಟ್ಟಿದೆ’ ಎಂದು ಮಾತು ಮುಗಿಸುವಷ್ಟರಲ್ಲಿ ಅಲ್ಲಿ ಏನೇನು ಕೇಳುತ್ತಿದ್ದರು ಎಂಬುದು ನನ್ನ ಕುತೂಹಲ. (ಪುಣೆ, ಮುಂಬಯಿಯಲ್ಲಿರುವವರು ಮರಾಠಿಯಲ್ಲೂ ಇದೇ ಕಾಗೆಯನ್ನು ಕೇಳಿರುತ್ತೀರಿ: ಕಾವಳಾ ಶಿವಲಾ. ಭಾಷೆ ಬದಲಾದರೂ ಕಾಗೆ ಬಿಡಲಿಲ್ಲ.)

610ನೇ ಇಸವಿಯಲ್ಲಿ ಸುಯ್ ವಂಶದ ಅರಮನೆ ವೈದ್ಯ ಚಾವ್ ಯುವಾನ್‌ಫಾಂಗ್ ರೋಗಗಳ ಮೂಲವನ್ನು ಕುರಿತ ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದ. ಸುಮಾರು 1,700 ನಮೂದುಗಳು. ಅದರಲ್ಲಿ ಮದ್ದಿನ ಪಟ್ಟಿಗಳಿಗೆ ಜಾಗವಿಲ್ಲವೆಂದೇ ಹೇಳಬೇಕು; ಯಾವ ರೋಗ ಏಕೆ ಬರುತ್ತದೆ ಎಂಬುದಷ್ಟೇ ಅವನ ಆಸಕ್ತಿ. ಹೆಂಗಸರ ಭಾಗದಲ್ಲಿ ಮುಟ್ಟಿನ ದಿನಗಳ ಹೊಟ್ಟೆನೋವಿಗೆ ಪ್ರತ್ಯೇಕ ನಮೂದು ಇದೆ. ಅವನು ಕೊಡುವ ಕಾರಣ ಹೀಗೆ: ದುಡಿದು ದುಡಿದು ಹೆಂಗಸಿನ ರಕ್ತವೂ ‘ಚಿ’ಯೂ ಸೊರಗಿರುತ್ತವೆ; ಆ ಬಳಲಿದ ಮೈಯೊಳಗೆ ಗಾಳಿಯೂ ಶೀತವೂ ಹೊಕ್ಕು, ಗರ್ಭಕೋಶಕ್ಕೆ ಸಂಬಂಧಿಸಿದ ನಾಡಿಗಳಲ್ಲಿ ಕೂತು, ಹರಿಯಬೇಕಾದ ರಕ್ತದೊಡನೆ ಗುದ್ದಾಡುತ್ತವೆ. ಚಿ ಎಂಬುದು ಉಸಿರು, ಆವಿ, ಪ್ರಾಣ ಈ ಮೂರನ್ನೂ ಒಟ್ಟಿಗೆ ಹೊತ್ತ ಮಾತು. ನಮ್ಮ ‘ವಾಯು’ ಅದರ ಹತ್ತಿರಕ್ಕೆ ಬರುತ್ತದೆ, ಪೂರ್ತಿ ಅದೇ ಅಲ್ಲ.

ಈ ವಿವರಣೆ ಶರೀರಶಾಸ್ತ್ರವಾಗಿ ಇಂದು ನಿಲ್ಲುವುದಿಲ್ಲ. ಆದರೆ ನೋವಿನ ಕಾರಣವನ್ನು ಹೇಳುವಾಗ ಅವನು ಮೊದಲು ಎತ್ತಿದ್ದು ದುಡಿಮೆಯನ್ನು. ಪಾಪ, ಶಾಪ, ಮೈಲಿಗೆ ಯಾವುದೂ ಅಲ್ಲಿಲ್ಲ. ಚೀನಾದಲ್ಲಿ ಮೈಲಿಗೆಯ ಕಲ್ಪನೆ ಇರಲಿಲ್ಲ ಎಂದಲ್ಲ. ಹೆಂಗಸರ ರಕ್ತ ನೆಲವನ್ನೂ ನೀರನ್ನೂ ಕೆಡಿಸುವುದರಿಂದ ಸತ್ತ ಮೇಲೆ ಅವರು ರಕ್ತದ ಕೊಳದ ನರಕಕ್ಕೆ ಬೀಳುತ್ತಾರೆ ಎನ್ನುವ ಬೌದ್ಧ ಸೂತ್ರವೊಂದು ಚೀನಾದಲ್ಲೇ ಹುಟ್ಟಿ ಜಪಾನಿನವರೆಗೂ ಹೋಯಿತು. ವೈದ್ಯರು ಮಾತ್ರ ಅದೇ ರಕ್ತವನ್ನು ಬೇರೆ ಕಣ್ಣಿಂದ ನೋಡಿದರು. ಅವರ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಹರಿಯುವುದು, ಬಸುರಿಯಲ್ಲಿ ಕೂಸನ್ನು ಬೆಳೆಸುವುದು, ಹೆತ್ತ ಮೇಲೆ ಹಾಲಾಗುವುದು ಎಲ್ಲ ಒಂದೇ ರಕ್ತ. ಅದು ಹದಿನಾಲ್ಕಕ್ಕೆ ಶುರುವಾಗಿ ನಲವತ್ತೊಂಬತ್ತಕ್ಕೆ ನಿಲ್ಲುತ್ತದೆ ಎಂದು, ಏಳೇಳು ವರ್ಷದ ಲೆಕ್ಕ ಹಿಡಿದು, ಅವರ ಅತಿ ಹಳೆಯ ವೈದ್ಯಗ್ರಂಥವಾದ ‘ಹಳದಿ ಚಕ್ರವರ್ತಿಯ ಒಳಗ್ರಂಥ’ದಲ್ಲೇ ಬರೆದಿಟ್ಟಿದ್ದರು. ಗುಡಿಯ ಮಾತು ಬೇರೆ, ಮದ್ದಿನ ಅಂಗಡಿಯ ಮಾತು ಬೇರೆ. ಒಂದೇ ಬೀದಿಯಲ್ಲಿ ಎರಡೂ ನಡೆದವು.

ಏಳನೆಯ ಶತಮಾನದ ಸುನ್ ಸಿಮಿಯಾವ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಸುಮಾರು 652ರಲ್ಲಿ ಅವನು ಬರೆದ ಮದ್ದಿನ ಗ್ರಂಥದಲ್ಲಿ ಪೀಠಿಕೆಯ ನಂತರ ಮೊದಲು ಬರುವುದು ಹೆಂಗಸರ ಮದ್ದುಗಳು, ಉಳಿದದ್ದೆಲ್ಲ ಆಮೇಲೆ. ಕಾರಣ ಅಷ್ಟೇನೂ ಉದಾತ್ತವಲ್ಲ. ಮಕ್ಕಳಾದರೆ ತಾನೇ ವಂಶ, ವಂಶವಿದ್ದರೆ ತಾನೇ ಪಿತೃಗಳಿಗೆ ಪೂಜೆ. ಜೊತೆಗೆ, ಹೆಂಗಸರಿಗೆ ಆಸೆ, ಸಿಟ್ಟು, ದುಃಖಗಳು ಗಂಡಸರಿಗಿಂತ ಹೆಚ್ಚು, ಆದ್ದರಿಂದ ಅವರ ರೋಗದ ಬೇರು ಆಳ, ಗುಣಪಡಿಸುವುದು ಹತ್ತು ಪಟ್ಟು ಕಷ್ಟ ಎಂದೂ ಬರೆದ. ಈ ಮಾತು ಗಾದೆಯಂತೆ ಉಳಿಯಿತು. ಒಬ್ಬ ಹೆಂಗಸಿಗೆ ಮದ್ದು ಕೊಡುವುದಕ್ಕಿಂತ ಹತ್ತು ಗಂಡಸರಿಗೆ ಕೊಡುವುದು ಲೇಸು ಎಂದು ವೈದ್ಯರು ಶತಮಾನಗಳವರೆಗೆ ಹೇಳಿಕೊಂಡು ಬಂದರು. ಹೆಣ್ಣಿನ ನೋವಿಗೆ ಪುಸ್ತಕದಲ್ಲಿ ಮೊದಲ ಜಾಗ ಸಿಕ್ಕಿತು ನಿಜ, ಅದರ ಬೆನ್ನಿಗೇ ಹೆಣ್ಣೆಂದರೆ ರೋಗದ ಮೈ ಎಂಬ ಹಣೆಪಟ್ಟಿಯೂ ಬಂತು. ಈ ಚರಿತ್ರೆಯ ಉದ್ದಕ್ಕೂ ಅವೆರಡನ್ನು ಬೇರ್ಪಡಿಸುವುದು ನನಗೆ ಸಾಧ್ಯವಾಗಿಲ್ಲ.

ಸೊಂಗ್ ವಂಶದ ಕಾಲಕ್ಕೆ ಸರಕಾರವೇ ಮದ್ದು ಮಾರಲು ಇಳಿಯಿತು. 1076ರಲ್ಲಿ ರಾಜಧಾನಿ ಕೈಫೆಂಗ್‌ನಲ್ಲಿ ಸರಕಾರಿ ಔಷಧಾಲಯ ಶುರುವಾಯಿತು. ಮುಂದೆ ಅದರ ಮದ್ದುಗಳ ಪಟ್ಟಿಯೂ ಅಚ್ಚಾಯಿತು. ಆ ಪಟ್ಟಿಯಲ್ಲಿರುವ ‘ನಾಲ್ಕು ವಸ್ತುಗಳ ಕಷಾಯ’ ಹೆಂಗಸರ ಮದ್ದುಗಳಿಗೆಲ್ಲ ತಾಯಿ ಎನ್ನಿಸಿಕೊಂಡಿತು: ದಾಂಗ್‌ಗುಯ್, ಅದರದೇ ಕುಟುಂಬದ ಚುವಾನ್‌ಶಿಯೋಂಗ್, ಬಿಳಿ ಪಿಯೊನಿ ಹೂಗಿಡದ ಬೇರು, ಬೇಯಿಸಿ ಕಪ್ಪಾಗಿಸಿದ ದಿಹುವಾಂಗ್ ಎಂಬ ಗಡ್ಡೆ. ಇಂದಿಗೂ ಹಾಂಗ್‌ಕಾಂಗ್, ತೈವಾನ್, ಸಿಂಗಪುರದ ಮನೆಗಳಲ್ಲಿ ಮುಟ್ಟು ಮುಗಿದ ಮೇಲೆ ಇದನ್ನು ಕೋಳಿ ಸಾರಿನ ಜೊತೆ ಕುದಿಸಿ ಹೆಣ್ಣುಮಕ್ಕಳಿಗೆ ಕುಡಿಸುತ್ತಾರೆ. ತಮಾಷೆಯೆಂದರೆ ಇದು ಮೊದಲು ಹೆಂಗಸರ ಮದ್ದೇ ಆಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಮುರಿದ ಎಲುಬು ಕೂಡಿಸುವವರ ಪುಸ್ತಕವೊಂದರಲ್ಲಿ, ಬಿದ್ದು ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿ ನೋಯುವವರಿಗೆಂದು ಇದೇ ನಾಲ್ಕು ವಸ್ತುಗಳನ್ನು ಹೇಳಿದೆ. ಕಟ್ಟಿಕೊಂಡ ರಕ್ತ ನೋಯುತ್ತದೆ, ಹರಿದರೆ ನೋವಿಲ್ಲ ಎಂಬ ಒಂದೇ ಸೂತ್ರದ ಮೇಲೆ ಮರದಿಂದ ಬಿದ್ದವನ ಕಷಾಯ ಮುಟ್ಟಾದವಳ ಕಷಾಯವಾಯಿತು.

1237ರಲ್ಲಿ ಚೆನ್ ಜಿಮಿಂಗ್ ಹೆಂಗಸರ ರೋಗಗಳಿಗೇ ಮೀಸಲಾದ ದೊಡ್ಡ ಗ್ರಂಥವನ್ನು ಬರೆದ. ಮುಟ್ಟನ್ನು ಕ್ರಮಕ್ಕೆ ತರುವ ಪ್ರಕರಣದಿಂದಲೇ ಅದು ಆರಂಭವಾಗುತ್ತದೆ. ಹೆಂಗಸಿನಲ್ಲಿ ರಕ್ತವೇ ಮುಖ್ಯ, ಮೊದಲು ಮುಟ್ಟು ನೆಟ್ಟಗಾಗಲಿ, ಉಳಿದದ್ದೆಲ್ಲ ಆಮೇಲೆ ಎಂಬುದು ಅವನ ನಿಲುವು.

ಇಷ್ಟೆಲ್ಲ ಬರೆದವರಿಗೆ ರೋಗಿ ಕಾಣುತ್ತಿದ್ದಳೇ ಎಂಬುದೇ ಪ್ರಶ್ನೆ. 1116ರಲ್ಲಿ ಕೌ ಜೊಂಗ್‌ಶಿ ಎಂಬ ವೈದ್ಯ ಇದೇ ಗೋಳು ಹೇಳಿಕೊಂಡಿದ್ದಾನೆ. ಸಿರಿವಂತರ ಮನೆಗೆ ಹೋದರೆ ಹೆಂಗಸು ಒಳಮನೆಯಲ್ಲಿ ಪರದೆಯ ಹಿಂದೆ ಇರುತ್ತಾಳೆ, ಹೊರಗೆ ಚಾಚಿದ ಕೈಗೂ ಬಟ್ಟೆ ಸುತ್ತಿರುತ್ತದೆ. ಮುಖ ನೋಡುವಂತಿಲ್ಲ, ನಾಡಿ ಸರಿಯಾಗಿ ಸಿಗುವುದಿಲ್ಲ, ಹೆಚ್ಚು ಪ್ರಶ್ನೆ ಕೇಳಿದರೆ ಈ ವೈದ್ಯನಿಗೆ ವಿದ್ಯೆ ಸಾಲದು ಎಂದು ಮನೆಯವರು ಮದ್ದನ್ನೇ ಕುಡಿಸುವುದಿಲ್ಲ. ಅಂಥಲ್ಲಿ ರೋಗ ಗುಣವಾಗುವುದಾದರೂ ಹೇಗೆ? ಒಂಬೈನೂರು ಚಿಲ್ಲರೆ ವರ್ಷದ ಹಿಂದಿನ ಈ ದೂರು ಓದುವಾಗ ನನಗೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಪ್ಯಾಡಿನ ಪ್ಯಾಕೆಟ್ಟಿಗೆ ಸುತ್ತುವ ಹಳೆಯ ನ್ಯೂಸ್‌ಪೇಪರು, ಕಪ್ಪು ಕವರು ನೆನಪಾದವು.

ನೋಡಲಾಗದಿದ್ದಾಗ ಉಳಿದ ದಾರಿ ಕೇಳುವುದು. ಆ ವೈದ್ಯದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಹದಿನಾಲ್ಕನೆಯ ಶತಮಾನದ ಜು ದಾನ್‌ಶಿ ಮುಟ್ಟಿನ ನೋವನ್ನು ಹೊತ್ತಿನ ಮೇಲೆ ವಿಂಗಡಿಸಿದ. ಮುಟ್ಟು ಬರುವ ಮುಂಚೆ ನೋವೋ, ಬಂದು ಹೋದ ಮೇಲೋ? ಮುಂಚೆ ಬಂದರೆ ಒಳಗೆ ಏನೋ ಕಟ್ಟಿಕೊಂಡಿದೆ, ಬಿಡಿಸಬೇಕು. ಆಮೇಲೆ ಬಂದರೆ ಮೈ ಬರಿದಾಗಿದೆ, ತುಂಬಬೇಕು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಒಬ್ಬಳಿಗಾದರೂ ಕೆಟ್ಟದ್ದಾಗುತ್ತದೆ. 1624ರ ಸುಮಾರಿಗೆ ಜಾಂಗ್ ಜಿಯೆಬಿನ್ ಇನ್ನೊಂದು ಪ್ರಶ್ನೆ ಸೇರಿಸಿದ: ಹೊಟ್ಟೆಯನ್ನು ಒತ್ತಿ ಹಿಡಿದರೆ ಹಿತವೋ, ಮುಟ್ಟಿದರೇ ಸಹಿಸದೋ? ಒತ್ತಿದರೆ ಹಿತ ಎನ್ನುವವಳ ಮೈ ಸೊರಗಿದೆ. ಕೈ ಇಡಲೂ ಬಿಡದವಳಲ್ಲಿ ಏನೋ ತುಂಬಿ ನಿಂತಿದೆ. ಇವುಗಳ ಜೊತೆಗೆ ಬಿಸಿ ತಾಗಿದರೆ ನೋವು ಇಳಿಯುತ್ತದೆಯೇ? ರಕ್ತದ ಬಣ್ಣ ಕೆಂಪೋ, ಕಪ್ಪೋ, ತೆಳುವೋ? ಗಂಟು ಬೀಳುತ್ತದೆಯೇ, ಗಂಟು ಬಿದ್ದ ಮೇಲೆ ನೋವು ತಗ್ಗುತ್ತದೆಯೇ? ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಮುಂಚೆಯೋ, ತಡವೋ? ಜಾಂಗ್ ಜಿಯೆಬಿನ್ ರೋಗಿಯನ್ನು ಕೇಳಬೇಕಾದ ಹತ್ತು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಬಾಯಿಪಾಠಕ್ಕೆಂದು ಪದ್ಯವಾಗಿ ಹೊಸೆದ. ಚಿಂಗ್ ವಂಶದ ಕಾಲದಲ್ಲಿ ಚೆನ್ ಶಿಯುಯುವಾನ್ ಅದನ್ನು ತಿದ್ದಿ, ಹೆಂಗಸಾದರೆ ಮುಟ್ಟಿನ ಬಗ್ಗೆ ತಪ್ಪದೆ ಕೇಳಬೇಕೆಂದು ಸೇರಿಸಿದ. ತಲೆನೋವೆಂದು ಬಂದವಳನ್ನೂ ಕೇಳಬೇಕು. ಈಗಲೂ ಚೀನೀ ವೈದ್ಯ ಕಲಿಯುವವರು ಇದನ್ನು ಬಾಯಿಪಾಠ ಮಾಡುತ್ತಾರೆ.

‘ಎಲ್ಲರಿಗೂ ಆಗುವುದೇ, ತಡ್ಕೋ’ ಎಂಬ ಉತ್ತರವೊಂದನ್ನೇ ಕೇಳಿ ಬೆಳೆದವರಿಗೆ ಈ ಪ್ರಶ್ನೆಗಳ ಪಟ್ಟಿ ಏನೆಂದು ಗೊತ್ತಾಗುತ್ತದೆ. ನೋವು ಹೇಗಿದೆ ಎಂದು ಕೇಳುವವನು ನೋವಿದೆ ಎಂದು ಮೊದಲೇ ಒಪ್ಪಿರುತ್ತಾನೆ.

ಆದರೆ ಪರದೆಯ ಆಚೆ ಕೂತ ಗಂಡಸು ಕೇಳಿದಾಗ ಹೆಂಗಸು ಎಷ್ಟು ಹೇಳಿಯಾಳು? ಪರದೆಯ ಈಚೆಗೇ ಕೂತು ಕೇಳಿದವಳೊಬ್ಬಳಿದ್ದಳು. ತಾನ್ ಯುನ್‌ಶಿಯೆನ್ 1461ರಲ್ಲಿ ವುಶಿ ಪಟ್ಟಣದ ಅಧಿಕಾರಿಗಳ ಮನೆತನದಲ್ಲಿ ಹುಟ್ಟಿದಳು. ಅಜ್ಜಿಗೆ ವೈದ್ಯ ಗೊತ್ತಿತ್ತು. ಮೊಮ್ಮಗಳ ಚುರುಕುತನ ಕಂಡು, ಇವಳನ್ನು ಸೂಜಿ ದಾರಕ್ಕೆ ಹಚ್ಚಿ ಕೂರಿಸುವುದು ಬೇಡವೆಂದು ಅಜ್ಜಿಯೇ ವೈದ್ಯಗ್ರಂಥಗಳನ್ನು ಓದಿಸಿದಳು. ಮದುವೆಯಾಗಿ ಯಾಂಗ್ ಮನೆತನಕ್ಕೆ ಹೋದ ಮೇಲೆ ಯುನ್‌ಶಿಯೆನ್‌ಗೆ ರಕ್ತ ಮತ್ತು ಚಿಗೆ ಸಂಬಂಧಿಸಿದ ಕಾಯಿಲೆ ಹತ್ತಿತು. ವೈದ್ಯರು ಬಂದಾಗ ಮೊದಲು ತಾನೇ ತನ್ನ ನಾಡಿ ಹಿಡಿದು ನೋಡಿ, ರೋಗ ಏನೆಂದು ಗೊತ್ತುಮಾಡಿಕೊಂಡು, ಅವರು ಹೇಳುವುದು ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳಂತೆ. ಈ ಹೆಂಗಸು ನನಗೆ ಇಷ್ಟವಾದದ್ದು ಅಲ್ಲಿಂದ. ಮುಂದೆ ತನ್ನ ನಾಲ್ಕು ಮಕ್ಕಳ ಕಾಯಿಲೆಗೆ ತಾನೇ ಮದ್ದು ಕೊಟ್ಟಳು. ಅಜ್ಜಿ ಸಾಯುವಾಗ ತನ್ನ ಪುಸ್ತಕಗಳನ್ನೂ ಮದ್ದು ತಯಾರಿಸುವ ಸಾಮಾನನ್ನೂ ಮೊಮ್ಮಗಳಿಗೇ ಬಿಟ್ಟಳು. ದುಃಖದಲ್ಲಿ ಯುನ್‌ಶಿಯೆನ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಆಗ ಅಜ್ಜಿ ಕನಸಿನಲ್ಲಿ ಬಂದು, ಗುಣವಾಗುವ ಮದ್ದು ಎಲ್ಲಿದೆ ಎಂದು ಹೇಳಿ, ನೀನು ಎಪ್ಪತ್ತಮೂರು ವರ್ಷ ಬದುಕುತ್ತೀಯೆ, ಜನರಿಗೆ ಮದ್ದು ಕೊಡು ಎಂದಳು. ಅಜ್ಜಿಯ ಲೆಕ್ಕವನ್ನು ಮೊಮ್ಮಗಳು ಮೀರಿಸಿದಳು. ತೊಂಬತ್ತು ದಾಟಿ ಬದುಕಿದಳು.

1511ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವಳು ಮೂವತ್ತೊಂದು ರೋಗಿಗಳ ವಿವರಗಳಿರುವ ಪುಟ್ಟ ಪುಸ್ತಕ ತಂದಳು. ಎಲ್ಲರೂ ಹೆಂಗಸರು. ಹೆಂಗಸಾಗಿ ಹೊರಗೆ ಓಡಾಡುವಂತಿಲ್ಲವಾದ್ದರಿಂದ ಮಗನೇ ಪ್ರತಿ ಬರೆದು ಮರದ ಅಚ್ಚಿಗೆ ಕೊಡಿಸಿದ. ಗಂಡಸು ವೈದ್ಯರ ಪುಸ್ತಕಗಳಿಗೆ ಹೋಲಿಸಿದರೆ ಇದು ಒಂದು ಪುಸ್ತಕವೇ ಅಲ್ಲ, ಅಷ್ಟು ಸಣ್ಣದು. ಆದರೆ ಅಲ್ಲಿ ಬರುವ ಹೆಂಗಸರನ್ನು ನೋಡಿ. ಇಟ್ಟಿಗೆ ಹೆಂಚಿನ ಕೆಲಸದಲ್ಲಿ ಹಗಲಿರುಳೆನ್ನದೆ ದುಡಿದು, ತಿಂಗಳುಗಟ್ಟಲೆ ಸ್ರಾವ ನಿಲ್ಲದೆ ಸೊರಗಿದವಳೊಬ್ಬಳು. ದೋಣಿಯ ಚುಕ್ಕಾಣಿ ಹಿಡಿದು ಹಿಡಿದು ಕೈ ಜೋಮು ಹತ್ತಿದವಳೊಬ್ಬಳು. ಗಂಡ ಇನ್ನೊಬ್ಬಳನ್ನು ತಂದುಕೊಂಡ ಸಿಟ್ಟಿನಲ್ಲಿ ಕಾಯಿಲೆ ಬಿದ್ದವಳು. ಗರ್ಭ ನಿಲ್ಲದವಳು. ಮದ್ದುಗಳು ಹೊಸವೇನಲ್ಲ, ಆಗಿನ ಕಾಲದ ಪ್ರಸಿದ್ಧ ಮದ್ದುಗಳೇ. ಜೊತೆಗೆ ಒಣಗಿಸಿದ ಆಯ್ ಸೊಪ್ಪಿನ ಉಂಡೆಯನ್ನು ಉರಿಸಿ ಮೈಮೇಲಿನ ಗೊತ್ತಾದ ಜಾಗಗಳಿಗೆ ಕಾವು ಕೊಡುವ ವಿಧಾನವನ್ನು ಹೆಚ್ಚಾಗಿ ಬಳಸಿದಳು. (ಆಯ್ ಗಿಡ ನಮ್ಮ ದವನದ ಕುಲದ್ದೇ, ಜಾತ್ರೆಯಲ್ಲಿ ರಥದ ಮೇಲೆ ಎಸೆಯುವ ಅದೇ ಘಮದ ನೆಂಟ.) ಮದ್ದಿಗಿಂತ ಹೆಚ್ಚಾಗಿ ಎದ್ದು ಕಾಣುವುದು ‘ಏಕೆ’ ಎಂದು ಕೇಳಿದ ಅವಳ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ. ಎಷ್ಟು ಹೊತ್ತು ದುಡಿಯುತ್ತೀ, ಮನೆಯಲ್ಲಿ ಏನಾಯಿತು, ಯಾರ ಮೇಲೆ ಸಿಟ್ಟು ಎಂಬುದನ್ನು ಹೆಂಗಸರು ಇನ್ನೊಬ್ಬ ಹೆಂಗಸಿಗೆ ಹೇಳಿದರು. 610ರಲ್ಲಿ ಚಾವ್ ಯುವಾನ್‌ಫಾಂಗ್ ಒಂದು ಪದದಲ್ಲಿ ಬರೆದ ‘ದುಡಿಮೆ’ಗೆ ಇಲ್ಲಿ ಇಟ್ಟಿಗೆಯ ಭಾರ ಬಂತು. 2023ರಲ್ಲಿ ಅಮೆರಿಕದ ಲೀಸಾ ಸೀ ಇವಳ ಬದುಕನ್ನೇ ಕಾದಂಬರಿ ಮಾಡಿದ್ದಾರೆ. ಅವಳ ಮೂಲ ಪುಸ್ತಕ ಉಳಿದು ಬಂದದ್ದು ಅವಳ ಮನೆತನದ ಕಿರಿಯನೊಬ್ಬ 1585ರಲ್ಲಿ ಮತ್ತೆ ಅಚ್ಚು ಹಾಕಿಸಿದ್ದರಿಂದ.

ಅವಳ ನಂತರದ ಶತಮಾನಗಳ ಮದ್ದುಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಲಿ ಶಿಜೆನ್‌ನ ಮಹಾಗ್ರಂಥ 1596ರಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಹೆಂಗಸರ ಮದ್ದುಗಳ ಸೇನಾಪತಿಯ ಪಟ್ಟ ಕಟ್ಟಿದ್ದು ಶಿಯಾಂಗ್‌ಫು ಎಂಬ ಗಡ್ಡೆಗೆ. ಯಾವುದದು ಎಂದು ಹುಡುಕಿದರೆ ನಮ್ಮ ಜೇಕು! ಗದ್ದೆಯಲ್ಲಿ ಎಷ್ಟು ಕಿತ್ತರೂ ಹೋಗದೆ ರೈತರ ಪ್ರಾಣ ಹಿಂಡುವ ಹುಲ್ಲಿನ ಬುಡದ ಕರಿ ಗಡ್ಡೆ. ಕೆಲವು ಕಡೆ ತುಂಗೆ, ಕೊನ್ನಾರಿ ಎನ್ನುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ. ನಮ್ಮ ಆಯುರ್ವೇದದಲ್ಲಿ ಅದರ ಹೆಸರು ಕೇಳುವುದು ಹೆಚ್ಚಾಗಿ ಜ್ವರಕ್ಕೆ, ಜೀರ್ಣಕ್ಕೆ. ಚೀನೀಯರು ಅದನ್ನು ವಿನಿಗರ್‌ನಲ್ಲಿ ಹುರಿದು, ಒಳಗೇ ನುಂಗಿಕೊಂಡ ಸಿಟ್ಟಿನಿಂದ ಚಿ ಕಟ್ಟಿಕೊಂಡು ಮುಟ್ಟು ನೋಯುವವರಿಗೆ ಕೊಟ್ಟರು. ಇನ್ನೊಂದು 1830ರಲ್ಲಿ ವಾಂಗ್ ಚಿಂಗ್‌ರೆನ್ ಹೇಳಿದ ಹತ್ತು ವಸ್ತುಗಳ ಕಷಾಯ. ಹಳೆಯ ಗ್ರಂಥಗಳ ಅಂಗರಚನೆ ತಪ್ಪೆಂದು ವಾದಿಸಲು ಸ್ಮಶಾನದಲ್ಲಿ ಹೆಣಗಳನ್ನು ನೋಡಿಬಂದ ಹಟಮಾರಿ ಈತ. ಕಷಾಯದಲ್ಲಿ ಸೋಂಪು, ಒಣಶುಂಠಿ, ದಾಲ್ಚಿನ್ನಿಯಂಥ ಬಿಸಿ ಪದಾರ್ಥಗಳು, ದಾಂಗ್‌ಗುಯ್, ಪಶ್ಚಿಮದಿಂದ ಆಮದಾಗುತ್ತಿದ್ದ ರಕ್ತಬೋಳ, ಕೊನೆಗೆ ಹಾರುವ ಅಳಿಲಿನ ಹಿಕ್ಕೆ! ಮುಟ್ಟಿನ ನೋವಿಗೆ ಚೀನೀ ವೈದ್ಯರು ಇಂದೂ ಹೆಚ್ಚಾಗಿ ಬರೆದುಕೊಡುವ ಮದ್ದುಗಳಲ್ಲಿ ಇದೊಂದು.

ಇಷ್ಟರಲ್ಲಿ ಯೂರೋಪಿನವರ ಕಣ್ಣು ಈ ಕಡೆ ಬಿತ್ತು. 1899ರಲ್ಲಿ ಜರ್ಮನಿಯ ಮೆರ್ಕ್ ಕಂಪನಿ ದಾಂಗ್‌ಗುಯ್‌ನ ಸಾರ ತೆಗೆದು ‘ಯೂಮೆನಾಲ್’ ಎಂಬ ಹೆಸರಿನಲ್ಲಿ ಮುಟ್ಟಿನ ತೊಂದರೆಗಳಿಗೆಂದು ಮಾರಿತು. ಬಾಟಲಿಯ ಮೇಲೆ ಲೇಬಲ್ಲು ಬಂತು, ‘ಮರಳಿ ಬರಬೇಕು’ ಎಂಬ ಹೆಸರು ಹೋಯಿತು. ಅದಕ್ಕೂ ಆರು ವರ್ಷ ಮುಂಚೆ, 1893ರಲ್ಲಿ, ಜಪಾನಿನಲ್ಲಿ ಹೆಂಗಸರಿಗೆಂದೇ ಮಾಡಿದ ಚುಜೋತೋ ಎಂಬ ಕಷಾಯದ ಪೊಟ್ಟಣ ಮಾರುತ್ತ ತ್ಸುಮುರಾ ಎಂಬ ಅಂಗಡಿ ಶುರುವಾಗಿತ್ತು. ಇಂದು ಅದು ಆ ದೇಶದ ಗಿಡಮೂಲಿಕೆ ಔಷಧಗಳ ಅತಿ ದೊಡ್ಡ ಕಂಪನಿ.

1923ರಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಾರ್ಲ್ ಶ್ಮಿಟ್ ಮತ್ತು ಚೆನ್ ಕೆಹುಯ್ ಎಂಬ ಇಬ್ಬರು ಚೀನೀ ಮದ್ದುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಹೊರಟರು. ಅವರು ಮೊದಲು ಕೈಗೆತ್ತಿಕೊಂಡದ್ದು ದಾಂಗ್‌ಗುಯ್. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಮಹತ್ವದ್ದೇನೂ ಕಾಣಲಿಲ್ಲ. ಅಷ್ಟರಲ್ಲಿ ಚೆನ್ ತನ್ನ ನೆಂಟರಲ್ಲೊಬ್ಬರನ್ನು ಕೇಳಿ ಮಾಹುವಾಂಗ್ ಎಂಬ ಇನ್ನೊಂದು ಗಿಡವನ್ನು ತಂದ. ಅದರಲ್ಲಿದ್ದ ಎಫೆಡ್ರಿನ್ ರಕ್ತದೊತ್ತಡ ಏರಿಸಿತು, ಉಬ್ಬಸಕ್ಕೆ ಮದ್ದಾಗಿ ಜಗತ್ತಿನಾದ್ಯಂತ ಹೆಸರು ಮಾಡಿತು. ಹೆಂಗಸರ ಬೇರು ಪಕ್ಕಕ್ಕೆ ಹೋಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಮಾಹುವಾಂಗ್ ಫಲ ಕೊಟ್ಟಿತು, ಇದು ಕೊಡಲಿಲ್ಲ. ಆದರೆ ಎರಡನೆಯ ಬಾರಿ ಅಷ್ಟೇ ಆಸ್ಥೆಯಿಂದ ನೋಡಲು ಬಹಳ ಕಾಲ ಹಿಡಿಯಿತು ಎಂಬುದೂ ನಿಜ.

1929ರಲ್ಲಿ ಚೀನಾದ ರಾಷ್ಟ್ರೀಯವಾದಿ ಸರಕಾರದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನು ತೆಗೆದುಹಾಕಬೇಕೆಂಬ ಠರಾವು ಮಾಡಿತು. ಮಾರ್ಚ್ 17ರಂದು ದೇಶದ ಎಲ್ಲ ಕಡೆಯ ವೈದ್ಯರು ಶಾಂಘಾಯಿಯಲ್ಲಿ ಸೇರಿ ಪ್ರತಿಭಟಿಸಿದರು, ಠರಾವು ಜಾರಿಯಾಗಲಿಲ್ಲ. ಕಮ್ಯುನಿಸ್ಟ್ ಸರಕಾರ ಬಂದ ಮೇಲೆ ಗಾಳಿ ತಿರುಗಿತು. 1956ರಲ್ಲಿ ಬೀಜಿಂಗ್, ಶಾಂಘಾಯಿ, ಗುವಾಂಗ್‌ಜೌ, ಚೆಂಗ್ಡುಗಳಲ್ಲಿ ಚೀನೀ ವೈದ್ಯದ ಕಾಲೇಜುಗಳು ತೆರೆದವು. ನೂರಾರು ಗ್ರಂಥಗಳಲ್ಲಿ ಚದುರಿದ್ದ ವಿಚಾರಗಳು ಪಠ್ಯಪುಸ್ತಕದ ಅಚ್ಚುಕಟ್ಟಾದ ವರ್ಗಗಳಾದವು: ಕಟ್ಟಿಕೊಂಡ ಚಿಯ ನೋವು, ಶೀತದ ನೋವು, ಸೊರಗಿದ ನೋವು ಇತ್ಯಾದಿ. ಇಂದು ನಾವು ‘ಸಾಂಪ್ರದಾಯಿಕ ಚೀನೀ ವೈದ್ಯ’ ಎನ್ನುವುದಕ್ಕೆ ಈ ಆಕಾರ ಬಂದು ಒಂದು ಆಯುಷ್ಯವೂ ಆಗಿಲ್ಲ.

ಆದರೆ ಕಾಲೇಜಿಗಿಂತ ಹೆಚ್ಚು ಹೆಂಗಸರನ್ನು ಮುಟ್ಟಿದ್ದು ಹೊಲ. 1950ರ ದಶಕದಲ್ಲಿ ಸಾಮೂಹಿಕ ಬೇಸಾಯಕ್ಕೆ ಕೋಟ್ಯಂತರ ಹೆಂಗಸರು ಇಳಿದರು. ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ನಾಟಿ ಮಾಡುವ ಕೆಲಸ. ಆಗ ಬಂದ ನಿಯಮ ಸರಳವಾಗಿತ್ತು: ಮುಟ್ಟಾದವಳಿಗೆ ಒಣ ನೆಲದ ಕೆಲಸ, ಬಸುರಿಗೆ ಹಗುರ ಕೆಲಸ, ಎದೆಹಾಲು ಕುಡಿಸುವವಳಿಗೆ ಮನೆಗೆ ಹತ್ತಿರದ ಕೆಲಸ. ದುಡಿಮೆ ಮತ್ತು ಶೀತ ಎಂದು 610ರಲ್ಲಿ ಬರೆದದ್ದು ಸಾವಿರದ ಮುನ್ನೂರು ವರ್ಷದ ನಂತರ ಹಾಜರಿ ಪುಸ್ತಕದ ನಿಯಮವಾಯಿತು. ಎಲ್ಲ ಕಡೆ ಪಾಲನೆಯಾಯಿತು ಎಂದಲ್ಲ. ಕೆಲಸದ ಅಂಕ ಕಡಿಮೆಯಾಗುತ್ತದೆಂದು ಹೆಂಗಸರೇ ನೀರಿಗಿಳಿಯುವುದೂ ಇತ್ತು. 1993ರ ನಿಯಮ ತೀವ್ರ ನೋವಿದ್ದವರಿಗೆ ವೈದ್ಯರ ಚೀಟಿಯ ಮೇಲೆ ಒ೦ದೆರಡು ದಿನದ ರಜೆ ಕೊಡಬಹುದೆಂದಿತು. 2012ರ ನಿಯಮ ಮುಟ್ಟಿನ ದಿನಗಳಲ್ಲಿ ತಣ್ಣೀರಿನ, ಕೊರೆಯುವ ಚಳಿಯ, ಭಾರದ, ಎತ್ತರದ ಕೆಲಸಗಳನ್ನು ನಿಷೇಧಿಸಿತು. ನಮ್ಮ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿದಾಗ ನಡೆದ ಚರ್ಚೆಯನ್ನು ನೀವೂ ಓದಿರುತ್ತೀರಿ. ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಆತಂಕ ಅಲ್ಲೂ ಇದೆ, ಇಲ್ಲೂ ಇದೆ. ಸುನ್ ಸಿಮಿಯಾವ್‌ನ ಇಬ್ಬಗೆ ಇನ್ನೂ ಮುಗಿದಿಲ್ಲ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾತಿ ಫು ಯುವಾನ್‌ಹುಯ್ ತಂಡದ ಸ್ಪರ್ಧೆ ಮುಗಿದ ಮೇಲೆ ಹೊಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು. ಟೀವಿಯವರು ಕೇಳಿದಾಗ, ನಿನ್ನೆ ಮುಟ್ಟಾಯಿತು, ಅದಕ್ಕೇ ಸುಸ್ತು, ಆದರೂ ನಾನು ಚೆನ್ನಾಗಿ ಈಜಲಿಲ್ಲ ಎಂದು ನೇರವಾಗಿ ಹೇಳಿಬಿಟ್ಟಳು. ಮೆಚ್ಚಿದವರು ಬಹಳ. ಬೆರಗಾದವರೂ ಇದ್ದರು, ಮುಟ್ಟಾದವಳು ತಣ್ಣೀರಿಗೆ ಇಳಿಯುವುದು ಹೇಗೆ ಸಾಧ್ಯ ಎಂದು.

ಈಗ ಓದುಗರ ಮನಸ್ಸಿನಲ್ಲಿರುವ ನೇರ ಪ್ರಶ್ನೆಗೆ ಬರೋಣ: ಇದೆಲ್ಲ ಕೆಲಸ ಮಾಡುತ್ತದೆಯೇ? 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಹಿಂಡುವ ವಸ್ತು ಇರುವುದನ್ನು ತೋರಿಸಿದ. ಅದು ಪ್ರೋಸ್ಟಾಗ್ಲಾಂಡಿನ್ ಎಂದು ಮುಂದೆ ಗೊತ್ತಾಯಿತು. ಅದು ಹೆಚ್ಚಾದಾಗ ಗರ್ಭಕೋಶ ಬಿಗಿಯಾಗಿ ಹಿಂಡಿಕೊಂಡು, ಅಲ್ಲಿಗೆ ರಕ್ತ ಬರುವುದು ತಗ್ಗಿ ನೋವಾಗುತ್ತದೆ. ಹರಿವು ತಡೆದರೆ ನೋವು ಎಂದವರು ಪೂರ್ತಿ ದಾರಿ ತಪ್ಪಿರಲಿಲ್ಲ ಎಂದು ಹೇಳುವ ಆಸೆ ಆಗುತ್ತದೆ. ಹೋಲಿಕೆಯನ್ನು ಅದಕ್ಕಿಂತ ದೂರ ಎಳೆಯಬಾರದು. ನಾವು ಪಿಜಿಗಳಲ್ಲಿ ಗೆಳತಿಯರ ನಡುವೆ ದಾಟಿಸಿಕೊಳ್ಳುವ ಮೆಫ್ಟಾಲ್ ಸ್ಪಾಸ್‌ನಲ್ಲಿರುವ ಮೆಫೆನಮಿಕ್ ಆಮ್ಲ, ಐಬುಪ್ರೊಫೆನ್ ಎಲ್ಲ ಈ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ.

ಚೀನೀ ಗಿಡಮೂಲಿಕೆಗಳ ಬಗ್ಗೆ 2008ರ ಹೊತ್ತಿಗೆ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 39 ಪ್ರಯೋಗಗಳನ್ನು, ಒಟ್ಟು 3,475 ಹೆಂಗಸರನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಫಲಿತಾಂಶ ಆಶಾದಾಯಕ, ಆದರೆ ಪ್ರಯೋಗಗಳ ಗುಣಮಟ್ಟ ಕಳಪೆ ಎಂದು ತೀರ್ಮಾನ. ಸೂಜಿ ಚಿಕಿತ್ಸೆಯ ಬಗ್ಗೆ 2016ರ ಸಮೀಕ್ಷೆ 42 ಪ್ರಯೋಗಗಳನ್ನು ನೋಡಿ, ಇದ್ದ ಪುರಾವೆ ಸಾಲದು ಎಂದಿತು. ಬಿಸಿಯ ಕಥೆ ಬೇರೆ. ಕಿಬ್ಬೊಟ್ಟೆಗೆ ಸತತವಾಗಿ ಹದವಾದ ಬಿಸಿ ಕೊಟ್ಟರೆ ಐಬುಪ್ರೊಫೆನ್ನಿನಷ್ಟೇ ಹಿತ ಸಿಕ್ಕಿತೆಂದು 2001ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ತಾನ್ ಯುನ್‌ಶಿಯೆನ್‌ಗೆ ಇದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ. ಬಿಸಿನೀರಿನ ಚೀಲ ಕಟ್ಟಿಕೊಟ್ಟ ನಮ್ಮ ಅಮ್ಮಂದಿರಿಗೂ. ಹಾಗೆಂದು ಆನ್‌ಲೈನಿನಲ್ಲಿ ಸಿಗುವ ದಾಂಗ್‌ಗುಯ್ ಕ್ಯಾಪ್ಸೂಲನ್ನು ತರಿಸಿ ನುಂಗಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಅದು ಅಪಾಯ. ಇನ್ನು ತಿಂಗಳಿಂದ ತಿಂಗಳಿಗೆ ಏರುವ ನೋವು, ಮಾತ್ರೆಗೂ ಬಗ್ಗದ ನೋವು ಎಂಡೊಮೆಟ್ರಿಯೋಸಿಸ್ ಇರಬಹುದು. ಅದಕ್ಕೆ ಸ್ತ್ರೀರೋಗ ತಜ್ಞರೇ ಬೇಕು. ಆ ಭೇಟಿಗೆ ಹೋಗುವಾಗ ಹಳೆಯ ಚೀನೀ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋದರೆ ನಷ್ಟವಿಲ್ಲ: ಮೊದಲೋ ಆಮೇಲೋ, ಒತ್ತಿದರೆ ಹಿತವೋ, ಎಷ್ಟು ದಿನ, ಎಂಥ ಬಣ್ಣ.

ಇಂದಿನ ಚೀನಾದಲ್ಲಿ ಹುಡುಗಿಯರು ಮುಟ್ಟಿಗೆ ‘ದೊಡ್ಡಮ್ಮ ಬಂದಿದ್ದಾಳೆ’ ಎನ್ನುತ್ತಾರೆ. ಕೆಂಪು ಬೆಲ್ಲ, ಶುಂಠಿ ಹಾಕಿ ಕುದಿಸಿದ ನೀರಿನ ಪೊಟ್ಟಣ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಹೊಟ್ಟೆನೋವೆಂದು ಮೆಸೇಜು ಕಳಿಸಿದರೆ ಪ್ರಿಯತಮನಿಂದ ಬರುವ ಉತ್ತರ ಬಹುಪಾಲು ಒಂದೇ: ಬಿಸಿನೀರು ಜಾಸ್ತಿ ಕುಡಿ. ಅದು ಅವರಲ್ಲಿ ಎಷ್ಟು ಸವೆದ ಮಾತೆಂದರೆ, ತಲೆ ಓಡಿಸದೆ ಕಾಳಜಿ ತೋರಿಸುವ ಗಂಡಸನ್ನು ಗೇಲಿ ಮಾಡಲು ಹುಡುಗಿಯರು ಅದನ್ನೇ ಬಳಸುತ್ತಾರೆ. ಮೊದಲೋ ಆಮೇಲೋ ಎಂದು ಅವನು ಕೇಳುವುದೇ ಇಲ್ಲವಲ್ಲ.